ಎದೆಯನ್ನು ತೆರೆಯುವ ಮುನ್ನ



ನಾವಿಂದು ಸೇರಿರುವ ಈ ವೂರ್‌ಬರ್ಗ್‌ನಲ್ಲಿ ತತ್ತ್ವಜ್ಞಾನಿ ಸ್ಪಿನೋಜಾ 1663ರಿಂದ ಕೆಲವು ವರ್ಷ ಮಸೂರಗಳನ್ನು ಉಜ್ಜುತ್ತ ಬಾಳಿದನು. 1677ರಲ್ಲಿ ಶ್ವಾಸಕೋಶದ ವ್ಯಾಧಿಯಿಂದ ತೀರಿಕೊಂಡನು. ಜೀವಂತ ಮನುಷ್ಯನ ಎದೆಯೊಳಗನ್ನು ಕಾಣುವ ಸಾಧನ ಅಂದಿನ ವೈದ್ಯರಲ್ಲಿರಲಿಲ್ಲ. ಜರ್ಮನಿಯ ಗುಸ್ತಾವ್ ಕಿಲಿಯನ್ ನಳಿಕೆಯೊಂದನ್ನು ಶ್ವಾಸನಾಳದೊಳಗಿಳಿಸಿ ನೋಡಿದ್ದು 1897ರಲ್ಲಿ.

1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಇವಾರ್ಟ್ಸ್ ಗ್ರಹಾಂ ಕ್ಯಾನ್ಸರ್ ಪೀಡಿತ ವೈದ್ಯರೊಬ್ಬರ ಇಡೀ ಎಡ ಶ್ವಾಸಕೋಶವನ್ನು ತೆಗೆದರು. ಆ ರೋಗಿ ಸುಮಾರು ಮೂವತ್ತು ವರ್ಷ ಬದುಕಿದರು. ಬಹುಕಾಲ ಧೂಮಪಾನಿಯಾಗಿದ್ದ ಗ್ರಹಾಂ 1957ರಲ್ಲಿ ಅದೇ ರೋಗಕ್ಕೆ ಬಲಿಯಾದರು. ಶಸ್ತ್ರಕ್ರಿಯೆ ಗುಣಪಡಿಸಬಲ್ಲದೆಂಬುದು ಸಿದ್ಧವಾದ ಮೇಲೆ, ಯಾರಿಗೆ ಅದರಿಂದ ಪ್ರಯೋಜನವೆಂಬ ಪ್ರಶ್ನೆ ಉಳಿಯಿತು.

ಉತ್ತರವಡಗಿದ್ದುದು ಎದೆಯ ನಡುವಣ ದುಗ್ಧಗ್ರಂಥಿಗಳಲ್ಲಿ. ಗಡ್ಡೆಗೆ ಎದುರು ಬದಿಯ ಗ್ರಂಥಿಗಳನ್ನು ರೋಗ ಮುಟ್ಟಿದ್ದರೆ ಶ್ವಾಸಕೋಶವನ್ನು ಕತ್ತರಿಸಿ ತೆಗೆದರೂ ಸಾಮಾನ್ಯವಾಗಿ ಫಲವಿಲ್ಲ. ಎದೆಯನ್ನು ತೆರೆದ ಬಳಿಕವೇ ಇದು ಗೊತ್ತಾಗುತ್ತಿದ್ದ ಕಾಲದಲ್ಲಿ ರೋಗಿಗೆ ಗಾಯದ ನೋವು ಮಾತ್ರ ದಕ್ಕುತ್ತಿತ್ತು. 1949ರಲ್ಲಿ ಡೇನಿಯಲ್ಸ್ ಕೊರಳೆಲುಬಿನ ಮೇಲಣ ಗ್ರಂಥಿಗಳನ್ನು ತೆಗೆದು ಪರೀಕ್ಷಿಸುವ ಕ್ರಮವನ್ನು ವರ್ಣಿಸಿದರು. 1959ರಲ್ಲಿ ಸ್ವೀಡನ್ನಿನ ಎರಿಕ್ ಕಾರ್ಲೆನ್ಸ್ ಮೀಡಿಯಾಸ್ಟಿನೋಸ್ಕೋಪಿಯನ್ನು ಪ್ರಕಟಿಸಿದರು. ರೋಗಿಗೆ ಅರಿವಳಿಕೆ ಕೊಟ್ಟು, ಎದೆಯೆಲುಬಿನ ಮೇಲ್ತುದಿಯಲ್ಲಿ ಕಿರಿದಾದ ಛೇದವನ್ನು ಮಾಡಿ, ಶ್ವಾಸನಾಳದ ಪಕ್ಕದಲ್ಲಿ ಉಪಕರಣವನ್ನಿಳಿಸಿ ಎರಡೂ ಬದಿಯ ಗ್ರಂಥಿಗಳ ಚೂರುಗಳನ್ನು ತೆಗೆಯುವ ವಿಧಾನವಿದು. ಮುಂದಿನ ಹಲವು ದಶಕ ಇದೇ ಪ್ರಮಾಣವಾಯಿತು.

ಇದರ ಮುಂದಿನ ಅಧ್ಯಾಯ ನಮ್ಮ ನೆರೆಯ ಲೈಡನ್‌ಗೆ ಸಂಬಂಧಿಸಿದ್ದು. ಲೈಡನ್, ಗೆಂಟ್, ಲೂವೆನ್ ಹಾಗೂ ಕೇಂಬ್ರಿಜ್ ಬಳಿಯ ವೈದ್ಯರು 241 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅನ್ನನಾಳ ಮತ್ತು ಶ್ವಾಸನಾಳಗಳ ಮೂಲಕ ಅಲ್ಟ್ರಾಸೌಂಡ್ ಸಹಾಯದಿಂದ ಸೂಜಿ ಚುಚ್ಚಿ, ರೋಗ ಕಾಣದಿದ್ದಲ್ಲಿ ಮಾತ್ರ ಶಸ್ತ್ರವಿಧಾನಕ್ಕೆ ಹೋದಾಗ, ವ್ಯರ್ಥವಾಗಿ ಎದೆ ತೆರೆದ ಪ್ರಸಂಗಗಳು ಶೇ. 18ರ ಬದಲು ಶೇ. 7 ಮಾತ್ರ. 2023ರಲ್ಲಿ ಪ್ರಕಟವಾದ, 360 ರೋಗಿಗಳ ಇನ್ನೊಂದು ಡಚ್ ನೇತೃತ್ವದ ಅಧ್ಯಯನವು, ಸೂಜಿಪರೀಕ್ಷೆಯನ್ನು ಕ್ರಮಬದ್ಧವಾಗಿ ಮಾಡಿ ರೋಗ ಕಾಣದಿದ್ದರೆ ಆಯ್ದ ರೋಗಿಗಳಲ್ಲಿ ಮೀಡಿಯಾಸ್ಟಿನೋಸ್ಕೋಪಿಯನ್ನು ಬಿಡಬಹುದೆಂದು ತೋರಿಸಿತು.

ಕರ್ನಾಟಕದಲ್ಲಿರುವ ನಮ್ಮ ಬಂಧುಗಳಿಗೆ ಇನ್ನೊಂದು ಮಾತು ಅನ್ವಯಿಸುತ್ತದೆ. ಕ್ಷಯರೋಗದಿಂದಲೂ ಈ ಗ್ರಂಥಿಗಳು ಊದಿಕೊಳ್ಳುತ್ತವೆ, ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತವೆ. ಚಿತ್ರವನ್ನಷ್ಟೇ ನಂಬಿದರೆ ಗುಣವಾಗಬಲ್ಲ ಕ್ಯಾನ್ಸರ್ ರೋಗಿಯನ್ನು ಶಸ್ತ್ರಕ್ರಿಯೆಗೆ ಮೀರಿದವನೆಂದು ಬಗೆಯಬಹುದು. ಕ್ಯಾನ್ಸರನ್ನು ಕ್ಷಯವೆಂದು ಭಾವಿಸಿ ಅಮೂಲ್ಯ ತಿಂಗಳುಗಳನ್ನು ಕಳೆಯಲೂಬಹುದು. ಆದುದರಿಂದ ಊರಿನಿಂದ ಅಂಥ ವರದಿ ಬಂದಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಗ್ರಂಥಿಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದ್ದಾರೆಯೇ?