ಬಲ್ಬಿನ ಬಣ್ಣದಾಚೆ: ನಗರದೀಪ ಮತ್ತು ಇರುಳುಜೀವಿಗಳ ಅಧ್ಯಯನ ನಡೆದುಬಂದ ದಾರಿ

ಬೀದಿದೀಪಗಳ ಟೆಂಡರುಗಳಲ್ಲಿ, ಹೊಸ ಬಡಾವಣೆಗಳ ಜಾಹೀರಾತುಗಳಲ್ಲಿ ಈಚೆಗೆ ‘ವನ್ಯಜೀವಿ ಸ್ನೇಹಿ ದೀಪ’ ಎಂಬ ಮಾತು ಕಾಣಿಸಿಕೊಳ್ಳುತ್ತಿದೆ. ವಿವರ ಓದುತ್ತ ಹೋದರೆ ಸಿಗುವುದು ಇಷ್ಟೇ: ಬಿಳಿ ಎಲ್‌ಇಡಿ ತೆಗೆದು ಹಳದಿ ಛಾಯೆಯ ಎಲ್‌ಇಡಿ ಹಾಕುವುದು. ಕಂಬ ಅದೇ, ಎತ್ತರ ಅದೇ, ಉರಿಯುವ ಹೊತ್ತೂ ಅದೇ. ಈ ಕ್ಷೇತ್ರದಲ್ಲೇ ಕೂದಲು ನರೆತ ನನ್ನಂಥವರಿಗೆ ಇದು ಅರ್ಧ ಸಂತೋಷ, ಅರ್ಧ ಆತಂಕ. ದಶಕಗಳ ಅಧ್ಯಯನ ಹೇಳಿದ್ದನ್ನೆಲ್ಲ ಬಲ್ಬಿನ ಬಣ್ಣವೊಂದಕ್ಕೆ ಇಳಿಸಿಬಿಟ್ಟರೆ ಹಾನಿ ನಿಲ್ಲುವುದಿಲ್ಲ, ಕೆಲಸ ಮುಗಿಯಿತೆಂಬ ಭ್ರಮೆಯಷ್ಟೇ ಹುಟ್ಟುತ್ತದೆ.

ಆರಂಭದ ಕಾಲವನ್ನು ಬೇಗ ದಾಟಬಹುದು. ಉತ್ತರ ಸಮುದ್ರದ ಹೆಲಿಗೋಲ್ಯಾಂಡ್ ದ್ವೀಪದಲ್ಲಿ ದೀಪಸ್ತಂಭದ ಸುತ್ತ ಮುತ್ತುತ್ತಿದ್ದ ವಲಸೆ ಹಕ್ಕಿಗಳ ಬಗ್ಗೆ ಹೈನ್ರಿಶ್ ಗೇಟ್ಕೆ 1891ರಲ್ಲೇ ಬರೆದಿದ್ದರು. 1925ರಲ್ಲಿ ಕೆನಡಾದ ವಿಲಿಯಂ ರೋವನ್, ಚಳಿಗಾಲದಲ್ಲಿ ಹಕ್ಕಿಗಳನ್ನು ಮಾಮೂಲಿ ಬಲ್ಬುಗಳ ಕೆಳಗಿಟ್ಟು ಅವುಗಳ ಸಂತಾನಾಂಗಗಳು ಅಕಾಲದಲ್ಲಿ ಬೆಳೆಯುವುದನ್ನು ತೋರಿಸಿದರು. ನ್ಯೂಯಾರ್ಕಿನಲ್ಲಿ ಬೀದಿದೀಪದ ಪಕ್ಕದ ಕೊಂಬೆಗಳು ಎಲೆ ಉದುರಿಸಲು ತಡಮಾಡುತ್ತವೆ ಎಂದು ಎಡ್ವಿನ್ ಮಾಟ್ಸ್‌ಕೆ 1936ರಲ್ಲಿ ದಾಖಲಿಸಿದರು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಒಂದಕ್ಕೊಂದು ಕೊಂಡಿ ಇರಲಿಲ್ಲ. ಹಕ್ಕಿಯವರು ಮರದವರನ್ನು ಓದುತ್ತಿರಲಿಲ್ಲ.

ಸದ್ದು ಮಾಡಿದವರು ಖಗೋಳಜ್ಞರು. ಅಮೆರಿಕದ ಫ್ಲ್ಯಾಗ್‌ಸ್ಟಾಫ್ ನಗರ ವೀಕ್ಷಣಾಲಯಗಳ ಸಲುವಾಗಿ 1958ರಲ್ಲೇ ಸರ್ಚ್‌ಲೈಟುಗಳಿಗೆ ಕಡಿವಾಣ ಹಾಕಿತು. 1973ರಲ್ಲಿ ಕರ್ಟ್ ರೀಗೆಲ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ‘ಬೆಳಕಿನ ಮಾಲಿನ್ಯ’ ಎಂಬ ಮಾತು ಚಲಾವಣೆಗೆ ಬಂತು. 1988ರಲ್ಲಿ ಕತ್ತಲ ಆಕಾಶ ಉಳಿಸುವ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ದೀಪಕ್ಕೆ ಮೇಲ್ಮುಚ್ಚಳ ಹಾಕಿ ಬೆಳಕನ್ನು ಕೆಳಗಷ್ಟೇ ಬೀಳಿಸುವ ವಿನ್ಯಾಸ ಹರಡಿದ್ದು ಅವರ ಹಟದಿಂದ. ಆ ಋಣ ದೊಡ್ಡದು. ಆದರೆ ಅವರ ಅಳತೆಗೋಲು ಆಕಾಶ. ಮೇಲೆ ಹೋಗದ ಬೆಳಕು ಅವರ ಲೆಕ್ಕದಲ್ಲಿ ಒಳ್ಳೆಯ ಬೆಳಕು. ಕಂಬದ ಬುಡದ ಪೊದೆಯಲ್ಲಿ ಕೂತ ಪತಂಗಕ್ಕೆ ಆ ಬೆಳಕೇ ಆಪತ್ತು. ಈ ಭೇದವನ್ನು ಹಿಡಿಯಲು ಬಹಳ ವರ್ಷ ಬೇಕಾಯಿತು.

ಕಡಲಾಮೆಗಳು ಆ ದಾರಿ ತೆರೆದವು. ಮೊಟ್ಟೆಯೊಡೆದು ಮರಳಿನಿಂದ ಮೇಲೆದ್ದ ಮರಿ, ಹೆಚ್ಚು ಬೆಳಗುವ ದಿಗಂತದತ್ತ ತೆವಳುತ್ತದೆ. ದೀಪಗಳಿಲ್ಲದ ತೀರದಲ್ಲಿ ಅದು ಸಮುದ್ರದ ಕಡೆ. ಹೋಟೆಲು, ರಸ್ತೆಗಳು ಬಂದ ಮೇಲೆ ದಿಕ್ಕು ತಿರುಗಿತು. ಫ್ಲೋರಿಡಾದಲ್ಲಿ ಬ್ಲೇರ್ ವಿದರಿಂಗ್‌ಟನ್ ಮತ್ತು ಎರಿಕ್ ಮಾರ್ಟಿನ್ 1996ರಲ್ಲಿ ಹೊರತಂದ ಕೈಪಿಡಿ, ಜೀವಿಯೊಂದರ ನಡವಳಿಕೆಯಿಂದ ಹೊರಟು ದೀಪದ ವಿನ್ಯಾಸಕ್ಕೆ ಬಂದು ನಿಂತ ಮೊದಲ ದೊಡ್ಡ ಪ್ರಯತ್ನ. ದೀಪ ನೆಲಕ್ಕೆ ಹತ್ತಿರವಿರಲಿ, ತೀರಕ್ಕೆ ಮರೆಯಾಗಿರಲಿ, ದೀರ್ಘ ತರಂಗಾಂತರದ್ದಾಗಿರಲಿ ಎಂಬ ಸೂತ್ರ ಅಲ್ಲಿ ನೆಲೆಯೂರಿತು. ಈಗಿನ ಹಳದಿ ದೀಪದ ಮೋಹದ ಮೂಲವೂ ಇದೇ, ಸೂತ್ರದ ಮೊದಲೆರಡು ಭಾಗ ಮಾತ್ರ ದಾರಿಯಲ್ಲಿ ಕಳೆದುಹೋಗಿವೆ. ಚೆನ್ನೈನ ವಿದ್ಯಾರ್ಥಿ ಸ್ವಯಂಸೇವಕರು 1988ರಿಂದ ರಾತ್ರಿಯೆಲ್ಲ ತೀರ ನಡೆದು ಮೊಟ್ಟೆ ಕಾಯುತ್ತ ಬಂದಿದ್ದಾರೆ. ಮರಿ ಹೊರಡುವ ಕಾಲಕ್ಕೆ ತೀರದ ದೀಪ ಆರಿಸಿರೆಂಬ ಅವರ ಒತ್ತಾಯಕ್ಕೆ ನಮ್ಮ ಇತಿಹಾಸಗಳಲ್ಲಿ ಸಾಕಷ್ಟು ಜಾಗ ಸಿಕ್ಕಿಲ್ಲ.

2004ರಲ್ಲಿ ಟ್ರಾವಿಸ್ ಲಾಂಗ್‌ಕೋರ್ ಮತ್ತು ಕ್ಯಾಥರಿನ್ ರಿಚ್ ಚೆದುರಿದ್ದ ಎಳೆಗಳನ್ನೆಲ್ಲ ಒಟ್ಟುಮಾಡಿ, ಆಕಾಶ ಕಾಣದಿರುವುದು ಬೇರೆ, ಜೀವಜಾಲದ ಇರುಳು ಕೆಡುವುದು ಬೇರೆ ಎಂದು ಸ್ಪಷ್ಟವಾಗಿ ಬೇರ್ಪಡಿಸಿದರು. ನಮ್ಮ ತಲೆಮಾರು ಈ ಕ್ಷೇತ್ರಕ್ಕೆ ಬಂದದ್ದು ಆ ಬಾಗಿಲಿನಿಂದ. ಅಲ್ಲಿಯವರೆಗಿನ ದಾಖಲೆಗಳಲ್ಲಿ ಹೆಚ್ಚಿನವು ದೀಪದ ಕೆಳಗೆ ಬಿದ್ದದ್ದನ್ನು ಎಣಿಸಿದವು. ದೀಪವೇ ಇಲ್ಲದಿದ್ದರೆ ಅಲ್ಲಿ ಏನಿರುತ್ತಿತ್ತು ಎಂದು ಕೇಳಲು ಪ್ರಯೋಗ ಬೇಕು, ಕತ್ತಲಲ್ಲೇ ಉಳಿಸಿದ ಹೋಲಿಕೆಯ ತಾಣ ಬೇಕು. ನನ್ನ ಮಟ್ಟಿಗೆ ಈ ಕ್ಷೇತ್ರ ವಿಜ್ಞಾನವಾದದ್ದು ಅಲ್ಲಿಂದ.

ಇಂಥ ಪ್ರಯೋಗಗಳಲ್ಲಿ ನನಗೆ ಅತಿ ಹೆಚ್ಚು ಗೌರವವಿರುವುದು ನೆದರ್ಲೆಂಡ್ಸಿನ ಕೆಲಸದ ಮೇಲೆ. ಕಾಮಿಲ್ ಸ್ಪೂಲ್‌ಸ್ಟ್ರಾ ಮತ್ತು ಸಂಗಡಿಗರು, ಹಿಂದೆ ದೀಪವೇ ಕಾಣದ ಕಾಡಂಚುಗಳಲ್ಲಿ ಬಿಳಿ, ಹಸಿರು, ಕೆಂಪು ದೀಪಗಳ ಸಾಲುಗಳನ್ನು ನೆಟ್ಟು, ಜೊತೆಗೆ ಬೆಳಕಿಲ್ಲದ ಸಾಲನ್ನೂ ನಿಲ್ಲಿಸಿ, ವರ್ಷಗಟ್ಟಲೆ ಹಕ್ಕಿ, ಬಾವಲಿ, ಪತಂಗಗಳನ್ನು ಎಣಿಸಿದರು. 2017ರಲ್ಲಿ ಬಾವಲಿಗಳ ಫಲಿತಾಂಶ ಬಂತು. ಬೆಳಕಿಗೆ ಅಂಜುವ ಗುಂಪುಗಳು ಬಿಳಿ, ಹಸಿರು ದೀಪಗಳಿಂದ ದೂರ ಉಳಿದವು. ಕೆಂಪಿನಲ್ಲಿ ಮಾತ್ರ ಕತ್ತಲಲ್ಲಿದ್ದಷ್ಟೇ ಓಡಾಡಿದವು. ಅದನ್ನು ನಂಬಿ ನ್ಯೂಕೋಪ್ ಎಂಬ ಊರು ತನ್ನ ಹೊಸ ಬಡಾವಣೆಗೆ ಕೆಂಪು ಬೀದಿದೀಪ ಹಾಕಿಸಿತು. ಹಾಗಾದರೆ ಕೆಂಪೇ ಉತ್ತರವೇ? ಮರುವರ್ಷವೇ ಲಾಟ್ವಿಯಾದ ಕರಾವಳಿಯಿಂದ ಬೇರೆ ಸುದ್ದಿ ಬಂತು: ವಲಸೆ ಹೋಗುವ ಬಾವಲಿಗಳನ್ನು ಕೆಂಪು ಬೆಳಕು ತನ್ನತ್ತ ಸೆಳೆಯುತ್ತದೆ. ಎಲ್ಲ ಜೀವಿಗಳಿಗೂ ಒಗ್ಗುವ ಬಣ್ಣವಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆನಿಸುವುದಿಲ್ಲ.

ಕೀಟಗಳ ಕಥೆಯೂ ಅದೇ ದಿಕ್ಕಿನದು. ಪಾದರಸ ದೀಪಕ್ಕಿಂತ ಸೋಡಿಯಂ ದೀಪಕ್ಕೆ ಬರುವ ಹುಳುಗಳು ಅರ್ಧದಷ್ಟು ಮಾತ್ರ ಎಂದು ಜರ್ಮನಿಯ ಐಸೆನ್‌ಬೈಸ್ ತೋರಿಸಿದಾಗ ಬಣ್ಣ ಬದಲಿಸಿದರೆ ಸಾಕೆಂದು ಅನೇಕರು ಭಾವಿಸಿದರು. ಆದರೆ ದೀಪಕ್ಕೆ ಬಾರದ ಹುಳು ಸುರಕ್ಷಿತವಾಗಿದೆ ಎಂದೇನೂ ಅಲ್ಲ. 2017ರಲ್ಲಿ ಏವಾ ಕ್ನಾಪ್ ಸ್ವಿಟ್ಜರ್ಲೆಂಡಿನ ಕತ್ತಲ ಹುಲ್ಲುಗಾವಲುಗಳಲ್ಲಿ ಬೀದಿದೀಪ ನಿಲ್ಲಿಸಿ ನೋಡಿದಾಗ, ಹೂಗಳಿಗೆ ಬರುವ ಇರುಳು ಪರಾಗವಾಹಕಗಳ ಭೇಟಿ ಶೇ. 62ರಷ್ಟು ಕುಸಿದಿತ್ತು. ಅಲ್ಲಿನ ಮುಳ್ಳುಗಿಡವೊಂದರಲ್ಲಿ ಕಾಯಿ ಕಟ್ಟುವುದು ಶೇ. 13ರಷ್ಟು ಇಳಿಯಿತು. ಹಗಲಿನ ಜೇನು, ದುಂಬಿಗಳಿಂದ ಆ ನಷ್ಟ ತುಂಬಲಾಗಲಿಲ್ಲ. 2021ರಲ್ಲಿ ಡಗ್ಲಸ್ ಬಾಯ್ಸ್ ದಕ್ಷಿಣ ಇಂಗ್ಲೆಂಡಿನ ರಸ್ತೆಬದಿಗಳಲ್ಲಿ ಪತಂಗದ ಮರಿಹುಳುಗಳನ್ನು ಎಣಿಸಿದರು: ದೀಪವಿರುವ ಬೇಲಿಗಿಡಗಳಲ್ಲಿ ಶೇ. 47ರಷ್ಟು ಕಡಿಮೆ. ಬಿಳಿ ಎಲ್‌ಇಡಿಯ ಹಾನಿ ಹೆಚ್ಚು, ನಿಜ. ಹಳದಿ ಸೋಡಿಯಂ ದೀಪವೂ ನಿರಪರಾಧಿಯಲ್ಲ. ಇನ್ನು ಹುಳು ದೀಪದ ಸುತ್ತ ಏಕೆ ಸುತ್ತುತ್ತದೆ ಎಂಬ ಹಳೆಯ ಪ್ರಶ್ನೆಗೆ 2024ರಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಸಂಗಡಿಗರು ಅತಿವೇಗದ ಕ್ಯಾಮೆರಾ ಹಿಡಿದು ಉತ್ತರ ಕೊಟ್ಟರು. ಹಾರುವ ಕೀಟ ಬೆಳಕಿನತ್ತ ಬೆನ್ನು ತಿರುಗಿಸುತ್ತದೆ. ಆಕಾಶವೇ ಇರುಳಿನ ಬೆಳಕಾಗಿದ್ದಾಗ ಮೇಲು ಕೆಳಗು ತಿಳಿಯಲು ಅದು ಸರಿಯಾದ ಉಪಾಯ. ಪಕ್ಕದಲ್ಲಿ ದೀಪವಿದ್ದರೆ ಅದೇ ಉಪಾಯ ಹುಳುವನ್ನು ಅಲ್ಲೇ ಸುತ್ತಿಸುತ್ತದೆ. ಆದ್ದರಿಂದ ದೀಪ ಎಷ್ಟು ಎತ್ತರದಲ್ಲಿದೆ, ಯಾವ ಕಡೆಗೆ ಬೆಳಕು ಚೆಲ್ಲುತ್ತದೆ ಎಂಬುದೂ ವಿನ್ಯಾಸದ ಪ್ರಶ್ನೆಯೇ.

ಈ ನಡುವೆ ದೀಪಗಳೇ ಬದಲಾದವು. ಬಿಳಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ನೀಲಿ ಎಲ್‌ಇಡಿಗೆ 2014ರಲ್ಲಿ ನೊಬೆಲ್ ಬಂತು. ಮರುವರ್ಷ ಜನವರಿಯಲ್ಲಿ ಕೇಂದ್ರ ಸರ್ಕಾರ ಬೀದಿದೀಪಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿ, ಮುಂದೆ ಒಂದು ಕೋಟಿಗೂ ಮಿಕ್ಕಿ ದೀಪಗಳನ್ನು ಎಲ್‌ಇಡಿಗೆ ಬದಲಿಸಿತು. ವಿದ್ಯುತ್ ಉಳಿಯಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಲೆಕ್ಕಕ್ಕೆ ಬಂದದ್ದು ದೀಪಗಳ ಸಂಖ್ಯೆ, ಉಳಿದ ಯೂನಿಟ್ಟು, ತಗ್ಗಿದ ಬೇಡಿಕೆ, ಇಂಗಾಲ. ಜೀವಿಗಳಿಗೆ ಅಲ್ಲೊಂದು ಕಾಲಂ ಇರಲಿಲ್ಲ. ಅಗ್ಗವಾದ ಬೆಳಕು ಎಲ್ಲೆಡೆ ಹೆಚ್ಚಾಗುತ್ತದೆ. 2023ರಲ್ಲಿ ಕ್ರಿಸ್ಟೋಫರ್ ಕೈಬಾ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಜನಸಾಮಾನ್ಯರು ಬರಿಗಣ್ಣಿಂದ ನಕ್ಷತ್ರ ನೋಡಿ ಕಳಿಸಿದ ದಾಖಲೆಗಳ ಪ್ರಕಾರ ರಾತ್ರಿ ಆಕಾಶ ವರ್ಷಕ್ಕೆ ಸುಮಾರು ಶೇ. 9.6ರಷ್ಟು ಹೆಚ್ಚು ಬೆಳಗುತ್ತಿದೆ. ಉಪಗ್ರಹಗಳು ಇದನ್ನು ಕಡಿಮೆ ತೋರಿಸುತ್ತಿದ್ದವು, ಏಕೆಂದರೆ ಬಿಳಿ ಎಲ್‌ಇಡಿಯ ನೀಲಿ ಭಾಗ ಅವುಗಳ ಸಂವೇದಕಕ್ಕೆ ಕಾಣುವುದೇ ಇಲ್ಲ.

ನಮ್ಮಲ್ಲಿ ಈ ವಿದ್ಯೆಗೆ ಬೇರಿಲ್ಲ ಎನ್ನುವವರಿದ್ದಾರೆ. ಅದು ಸರಿಯಲ್ಲ. ಮದುರೈನಲ್ಲಿ ಎಂ. ಕೆ. ಚಂದ್ರಶೇಖರನ್ ಮತ್ತು ಶಿಷ್ಯರು ಗುಹೆಯ ಬಾವಲಿಗಳ ದೇಹಗಡಿಯಾರವನ್ನು ಅಧ್ಯಯನ ಮಾಡಿ 1981ರಲ್ಲಿ ಪ್ರಕಟಿಸಿದ ಕೆಲಸ ವಿಶ್ವದ ಗಮನ ಸೆಳೆದಿತ್ತು. ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಕಾಲಜೀವವಿಜ್ಞಾನದ ಇಂಥ ಪರಂಪರೆ ಇಲ್ಲಿದ್ದರೂ ಅದು ನಗರದ ಬೀದಿಗಿಳಿಯಲಿಲ್ಲ. ಸುದ್ದಿಯಾದದ್ದು ಆಕಾಶವೇ: ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ದೂರದರ್ಶಕಗಳಿರುವ ಲಡಾಖಿನ ಹಾನ್ಲೆ 2022ರಲ್ಲಿ ಕತ್ತಲಾಕಾಶ ರಕ್ಷಿತ ಪ್ರದೇಶವಾಯಿತು, ಅನಂತರ ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು. ಹಾನ್ಲೆಯ ಜನ ತಮ್ಮ ದೀಪಗಳನ್ನು ಮರೆಮಾಡಿಕೊಂಡದ್ದು ಮೆಚ್ಚುವಂಥದ್ದು. ಆದರೂ ನಕ್ಷತ್ರ ನೋಡಲು ದೂರ ಪ್ರಯಾಣ ಮಾಡುವ ಉತ್ಸಾಹ, ಮನೆ ಮುಂದಿನ ಕಂಬದತ್ತ ತಿರುಗಿಲ್ಲ.

ಹೆಚ್ಚು ಮುಖ್ಯವಾದ ಸಂಗತಿಯನ್ನು ನಮ್ಮ ಪತ್ರಿಕೆಗಳು ಬಹುತೇಕ ಗಮನಿಸಲೇ ಇಲ್ಲ. 2020ರ ಫೆಬ್ರುವರಿಯಲ್ಲಿ ಗಾಂಧಿನಗರದಲ್ಲಿ ನಡೆದ ವಲಸೆ ಜೀವಿಗಳ ಒಪ್ಪಂದದ ಸಮ್ಮೇಳನ, ಆಸ್ಟ್ರೇಲಿಯಾ ರೂಪಿಸಿದ ಬೆಳಕಿನ ಮಾರ್ಗಸೂಚಿಯನ್ನು ಅಂಗೀಕರಿಸಿತು. ಆತಿಥೇಯರು ನಾವೇ. ಅದರ ಮೊದಲ ಸೂತ್ರ: ಕತ್ತಲಿಂದ ಆರಂಭಿಸಿ, ನಿರ್ದಿಷ್ಟ ಉದ್ದೇಶವಿದ್ದರಷ್ಟೇ ದೀಪ ಸೇರಿಸಿ. ಬೇಡದಾಗ ಮಂದವಾಗುವ, ಆರುವ ವ್ಯವಸ್ಥೆ, ಬೇಕಾದ ಜಾಗಕ್ಕಷ್ಟೇ ಬೀಳುವ ಬೆಳಕು, ಕನಿಷ್ಠ ತೀವ್ರತೆ ಅನಂತರದವು. ಬಣ್ಣದ ಮಾತು ಬರುವುದು ಕೊನೆಯ, ಆರನೆಯ ಸೂತ್ರದಲ್ಲಿ. ನಮ್ಮ ರಸ್ತೆದೀಪಗಳ ಐಎಸ್ 1944 ಸಂಹಿತೆ 1970ರದು. ಮುಖ್ಯರಸ್ತೆಗೆ ಸರಾಸರಿ 30 ಲಕ್ಸ್ ಬೆಳಕಿರಲಿ ಎನ್ನುತ್ತದೆ. ಹುಣ್ಣಿಮೆಯ ಬೆಳಕು ಅರ್ಧ ಲಕ್ಸ್ ಕೂಡ ಇಲ್ಲ. ದೀಪದ ಪ್ರಖರತೆಯನ್ನು ಈ ಸಂಹಿತೆ ಯೋಚಿಸುವುದು ವಾಹನ ಓಡಿಸುವವರ ಕಣ್ಣಿಗಾಗಿ. ಬೆಳಕಿನ ಮಾಲಿನ್ಯಕ್ಕೆಂದೇ ರೂಪಿಸಿದ ರಾಷ್ಟ್ರೀಯ ಕಾನೂನು ನಮಗಿನ್ನೂ ಇಲ್ಲ. ಫ್ರಾನ್ಸ್ 2018ರ ಆದೇಶದಲ್ಲೇ ದೀಪದ ಬಣ್ಣ, ಮೇಲೆ ಚೆಲ್ಲುವ ಬೆಳಕು, ಆರಿಸುವ ವೇಳೆ ಎಲ್ಲಕ್ಕೂ ಮಿತಿ ಹಾಕಿದೆ.

ಮೇಲೆ ಹೇಳಿದ ಕೀಟಗಳ ಅಂಕಿಗಳೆಲ್ಲ ಯುರೋಪಿನ ಬೇಲಿ, ಹುಲ್ಲುಗಾವಲುಗಳವು. ಬೆಂಗಳೂರಿನ ಹಳೆಯ ರಸ್ತೆಗಳಲ್ಲಿ ದೀಪ ಇರುವುದು ಮಳೆಮರದ ಕೊಂಬೆಗಳ ನಡುವೆ. ಬೆಳಕನ್ನು ಎಲೆಗಳೇ ಹೀರುತ್ತವೆ, ಪಾದಚಾರಿ ಮಾರ್ಗ ಕತ್ತಲಾಗಿಯೇ ಉಳಿಯುತ್ತದೆ, ದೂರು ಬಂದಾಗ ಇನ್ನಷ್ಟು ವ್ಯಾಟಿನ ದೀಪ ಬರುತ್ತದೆ. ಕೊಂಬೆಗಳ ಕೆಳಗೆ ಗಿಡ್ಡ ಕಂಬ ಹಾಕಿದರೆ ರಾತ್ರಿ ನಡೆದು ಮನೆಗೆ ಹೋಗುವ ಹೆಣ್ಣುಮಗಳಿಗೂ ದಾರಿ ಕಾಣುತ್ತದೆ, ಮರದ ಮೇಲ್ಭಾಗವೂ ಕತ್ತಲಲ್ಲಿರುತ್ತದೆ. ಸುರಕ್ಷತೆ ಮತ್ತು ಜೀವಿಗಳ ನಡುವೆ ಒಂದನ್ನು ಆರಿಸಬೇಕು ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಗಳಲ್ಲಿ ಇನ್ನೂ ಉಳಿದಿರುವ ಕಾಡುಪಾಪ ಇರುಳಿನಲ್ಲಿ ಮರದಿಂದ ಮರಕ್ಕೆ ಸಾಗಿ ಹುಳು ತಿನ್ನುತ್ತದೆ. ಅದರ ದಾರಿಗೆ ದೀಪ ಅಡ್ಡ ಬಂದರೆ ಏನಾಗುತ್ತದೆ? ಗೇಟು ಮುಚ್ಚಿದ ಮೇಲೂ ನಡಿಗೆಪಥದ ದೀಪ ಉರಿಯುವ ಕೆರೆಗಳಲ್ಲಿ ಬಾವಲಿ, ನೀರುಹುಳು, ಕಪ್ಪೆಗಳ ಪಾಡೇನು? ಮುಂಗಾರಿಗೆ ಮೊದಲು ಮಿಣುಕಿನಲ್ಲೇ ಸಂಗಾತಿಯನ್ನು ಕರೆಯುವ ಮಿಂಚುಹುಳುಗಳು ಮಲೆನಾಡಿನ ಹೋಂಸ್ಟೇ ದೀಪಗಳ ನಡುವೆ ಹೇಗೆ ಬಾಳುತ್ತಿವೆ? ಇವಕ್ಕೆ ಯುರೋಪಿನಿಂದ ಉತ್ತರ ಬರುವುದಿಲ್ಲ.

ಬೀದಿಯ ಎಲ್‌ಇಡಿಯ ಆಯುಸ್ಸನ್ನು ಸಾಮಾನ್ಯವಾಗಿ 50,000 ಗಂಟೆ ಎನ್ನುತ್ತಾರೆ, ಅಂದರೆ ರಾತ್ರಿಯಿಡೀ ಉರಿದರೆ ಹನ್ನೆರಡು ವರ್ಷದ ಆಸುಪಾಸು. 2015ರಿಂದ ಹಾಕಿದ ದೀಪಗಳನ್ನು ಬದಲಿಸುವ ಸರದಿ ಹತ್ತಿರದಲ್ಲಿದೆ. ಆ ಟೆಂಡರು ಬರೆಯುವ ಮುನ್ನ ಪಾಲಿಕೆಗಳು ಪ್ರತಿ ವಲಯದಲ್ಲಿ ಕೆಲವು ರಸ್ತೆ, ಕೆಲವು ಕೆರೆದಂಡೆಗಳನ್ನು ಆಯ್ದು, ಒಂದೆಡೆ ಕಂಬ ತಗ್ಗಿಸಿ, ಒಂದೆಡೆ ಹನ್ನೊಂದರ ಮೇಲೆ ದೀಪ ಮಂದಮಾಡಿ, ಒಂದೆಡೆ ಇದ್ದಂತೆಯೇ ಬಿಟ್ಟು, ಹತ್ತಿರದ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಿಗೆ ಎಣಿಕೆಯ ಕೆಲಸ ವಹಿಸಲಿ. ಬದಲಾವಣೆಗೆ ಮೊದಲು ಒಂದು ಮಳೆಗಾಲ, ಬದಲಾದ ಮೇಲೆ ಒಂದು ಮಳೆಗಾಲ ಎಣಿಸಿದರೂ ನಮ್ಮದೇ ಅಂಕಿಗಳು ಕೈಗೆ ಬರುತ್ತವೆ. ಬಲ್ಬಿನ ಬಣ್ಣ ಎಷ್ಟು ಕೆಲ್ವಿನ್ ಎಂಬ ಸಾಲನ್ನು ಟೆಂಡರಿನಲ್ಲಿ ಅದಾದ ಮೇಲೆ ತುಂಬಬಹುದು.