ಬೋದಿಲೇರನ ಹಂಸ, ಕಾರ್ಡ್ ರೋಡಿನ ಧೂಳು

ಲಂಕೇಶರ 'ಪಾಪದ ಹೂಗಳು' ನಿಮ್ಮಲ್ಲಿ ಹಲವರು ಓದಿರುತ್ತೀರಿ. ಫ್ರೆಂಚ್ ಕವಿ ಬೋದಿಲೇರನ ಕವನಗಳನ್ನು ಎಪ್ಪತ್ತರ ದಶಕದಲ್ಲಿ ಕನ್ನಡಕ್ಕೆ ತಂದ ಪುಸ್ತಕ. ಅದರ ಮಾತು ಬಂದಾಗಲೆಲ್ಲ ನಾವು ಪಾಪ, ಕಾಮ, ಕೋರ್ಟು ಕೇಸು ಅಂತಲೇ ಶುರು ಮಾಡ್ತೀವಿ. ಮೂಲ ಸಂಕಲನ 1857ರಲ್ಲಿ ಬಂದಾಗ ಕೋರ್ಟು ಕವಿಗೆ ದಂಡ ಹಾಕಿ ಆರು ಕವನಗಳನ್ನು ನಿಷೇಧಿಸಿದ್ದು ನಿಜ. ಆ ತೀರ್ಪು ರದ್ದಾಗಿದ್ದು 1949ರಲ್ಲಿ! ಆದರೆ ರಾಜಾಜಿನಗರದಲ್ಲಿ ಬೆಳೆದ ನನಗೆ ಬೋದಿಲೇರ್ ಹತ್ತಿರವಾಗಿದ್ದು ಬೇರೆ ಕಾರಣಕ್ಕೆ. ಕಣ್ಣೆದುರೇ ತನ್ನ ಊರನ್ನು ಒಡೆದು ಕಟ್ಟುವುದನ್ನು ಕಂಡು ಬರೆದವನು ಅವನು.

1853ರಲ್ಲಿ ಮೂರನೇ ನೆಪೋಲಿಯನ್ ಪ್ಯಾರಿಸ್ಸಿನ ಆಡಳಿತವನ್ನು ಓಸ್ಮನ್ ಎಂಬ ಅಧಿಕಾರಿಯ ಕೈಗೆ ಕೊಟ್ಟ. 1870ರವರೆಗೆ ಅವನದೇ ಕಾರುಬಾರು. ಇಕ್ಕಟ್ಟಿನ ಗಲ್ಲಿಗಳು ನೆಲಸಮವಾಗಿ ನೇರವಾದ ಅಗಲ ಬೀದಿಗಳು, ಒಳಚರಂಡಿ, ಪಾರ್ಕುಗಳು ಬಂದವು. ಬಾಡಿಗೆಯೂ ಏರಿತು, ಬಡವರು ಊರಂಚಿಗೆ ಸರಿದರು. ನಮಗೆ ಇದೆಲ್ಲ ಗೊತ್ತಿರುವ ಕತೆಯೇ.

1861ರ ಎರಡನೇ ಆವೃತ್ತಿಗೆ ಬೋದಿಲೇರ್ ಪ್ಯಾರಿಸ್ಸಿನ ಮೇಲಿನ ಒಂದು ಹೊಸ ಭಾಗವನ್ನೇ ಸೇರಿಸಿದ. ಅದರಲ್ಲಿ ಹಂಸದ ಮೇಲೊಂದು ಕವನವಿದೆ. ಆಗ ದೇಶಭ್ರಷ್ಟನಾಗಿದ್ದ ವಿಕ್ಟರ್ ಹ್ಯೂಗೋಗೆ ಅರ್ಪಿಸಿದ್ದು. ಪಂಜರದಿಂದ ತಪ್ಪಿಸಿಕೊಂಡ ಹಂಸವೊಂದು ಒಣಗಿದ ಕಾಲುವೆಯ ಪಕ್ಕ, ಧೂಳಿನಲ್ಲಿ ರೆಕ್ಕೆ ಎಳೆಯುತ್ತಾ ನೀರು ಹುಡುಕುತ್ತದೆ.

ಆ ರೂಪವೂ ಅವನಿಗೆ ಸಾಲಲಿಲ್ಲ. ಛಂದಸ್ಸು, ಪ್ರಾಸ ಎರಡನ್ನೂ ಬಿಟ್ಟು ಗದ್ಯದಲ್ಲೇ ಕವಿತೆ ಬರೆಯತೊಡಗಿದ. 1862ರಲ್ಲಿ ಇಪ್ಪತ್ತು ಗದ್ಯಕವಿತೆಗಳು ದಿನಪತ್ರಿಕೆಯಲ್ಲಿ ಬಂದವು. 1867ರಲ್ಲಿ ಅವನು ತೀರಿಕೊಂಡ. ಪುಸ್ತಕ ಬಂದಿದ್ದು 1869ರಲ್ಲಿ. ದೊಡ್ಡ ನಗರಗಳಲ್ಲಿ ಓಡಾಡಿದ್ದರಿಂದಲೇ ಈ ರೂಪದ ಆಸೆ ಹುಟ್ಟಿತು ಅಂತ ಅವನೇ ಹೇಳಿಕೊಂಡಿದ್ದಾನೆ. ಊರು ಬದಲಾದರೆ ವಾಕ್ಯವೂ ಬದಲಾಗಬೇಕು ಅನ್ನೋದು ಅವನ ಲೆಕ್ಕ ಅಂತ ನನ್ನ ತಿಳುವಳಿಕೆ.

ಈಗ ನಮ್ಮ ಕಡೆಗೆ ಬನ್ನಿ. ನಾವು ಬ್ಲಾಗಿಗರು ಹಳೇ ಬೆಂಗಳೂರಿನ ಬಗ್ಗೆ ಬರೆದರೆ ಸಾಮಾನ್ಯವಾಗಿ ಏನು ಬರೀತೀವಿ? ನಮ್ಮ ಮನೆ ಮುಂದಿನ ಮರ, ನವರಂಗ್ ಸರ್ಕಲ್ಲು, ಸ್ಯಾಂಡಲ್ ಸೋಪ್ ಫ್ಯಾಕ್ಟರಿಯ ಘಮ, ಕಾರ್ಡ್ ರೋಡಿಗೆ ಮೆಟ್ರೋ ಕಂಬ ಬರುವ ಮುಂಚಿನ ಆಕಾಶ. ಎಲ್ಲವೂ ನಿಜ. ಆದರೆ ಹಂಸದ ಕವನ ಇಲ್ಲೇ ನನ್ನನ್ನು ಸ್ವಲ್ಪ ಗದರಿಸುತ್ತದೆ. ಬೋದಿಲೇರ್ ಅಲ್ಲಿ 'ಅಯ್ಯೋ, ನನ್ನ ಬಾಲ್ಯದ ಬೀದಿ' ಎಂದು ನಿಲ್ಲಿಸುವುದಿಲ್ಲ. ಸೋತ ಟ್ರಾಯ್ ನಗರದ ವಿಧವೆ, ಮಂಜಿನಲ್ಲಿ ತನ್ನ ನಾಡಿನ ತೆಂಗಿನ ಮರ ಹುಡುಕುವ ಆಫ್ರಿಕಾದ ಕ್ಷಯರೋಗಿ ಹೆಂಗಸು, ಅನಾಥರು, ಸೆರೆಯಾಳುಗಳು... ಹೀಗೆ ನೆಲೆ ಕಳೆದುಕೊಂಡ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆಯುತ್ತಾನೆ.

ಆ ಲೆಕ್ಕದಲ್ಲಿ ನೋಡಿದರೆ ನಾವು ಯಾರು? 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು; 1976ರಲ್ಲಿ ಅದರ ಜಾಗಕ್ಕೆ ಬಿಡಿಎ. ಈ ಬಡಾವಣೆಗಳು ಏಳುವ ಮೊದಲೇ ಇಲ್ಲಿ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ ಇದ್ದವು. ನಾವು ಕಳೆದುಕೊಂಡೆವೆಂದು ಕೊರಗುವ ನೇರ ಬೀದಿ, ಸಾಲು ಸೈಟುಗಳೇ ಆ ಹಳ್ಳಿಗಳ ಪಾಲಿಗೆ ಓಸ್ಮನ್ನನ ಪ್ಯಾರಿಸ್. ಕೆಂಗೇರಿ ಕಡೆ ಹರಿಯುವ ವೃಷಭಾವತಿಯನ್ನು ನಾವೇ 'ಮೋರಿ' ಅಂತ ಕರೆದೆವು. ಹಂಸ ಬಂದರೆ ಅಲ್ಲಿ ನೀರು ಕುಡಿದೀತೇ?

ಹಳ್ಳಿಗಳ ಹೆಸರು ಮಾತ್ರ ಪೂರ್ತಿ ಸತ್ತಿಲ್ಲ. ನೇರಳೆ ಮಾರ್ಗದ ಮೆಟ್ರೋ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಮುಟ್ಟಿತು. ಹೊಸಹಳ್ಳಿ, ಅತ್ತಿಗುಪ್ಪೆ, ಪಟ್ಟಣಗೆರೆ, ಚಲ್ಲಘಟ್ಟ ಎಲ್ಲವೂ ಈಗ ನಿಲ್ದಾಣಗಳು. ಹಳ್ಳಿ, ಗೆರೆ, ಘಟ್ಟ ಅನ್ನೋ ಪದಗಳನ್ನು ರೈಲೇ ದಿನವೂ ಕೂಗಿ ಹೇಳುತ್ತೆ.

ನಿಮ್ಮ ಬಡಾವಣೆಯ ಬಗ್ಗೆ ಮುಂದಿನ ಸಲ ಬರೆಯುವಾಗ ಒಂದು ಕೆಲಸ ಮಾಡಿ. ನಿಮ್ಮ ಸೈಟು ಮೊದಲು ಯಾವ ಹಳ್ಳಿಯ ಹೊಲವಾಗಿತ್ತು ಅಂತ ವಿಚಾರಿಸಿ, ಆ ಹೆಸರಿನಿಂದಲೇ ಬರಹ ಶುರು ಮಾಡಿ. ಓದೋಕೆ ನಾನಂತೂ ಕಾಯ್ತಾ ಇರ್ತೀನಿ.