ಲಿಸ್ಬನ್: ಬಿದ್ದ ನಗರ, ಎದ್ದ ನಗರ

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್, ಟೇಗಸ್ ನದಿ ಅಟ್ಲಾಂಟಿಕ್ ಸಾಗರ ಸೇರುವ ಅಳಿವೆಯ ದಡದಲ್ಲಿ ಗುಡ್ಡಗಳ ಮೇಲೆ ಹಬ್ಬಿದ ಊರು. ವಾರಾಂತ್ಯದ ಎರಡು ದಿನಗಳಲ್ಲಿ ಇದರ ಮುಖ್ಯ ತಾಣಗಳನ್ನು ನೋಡಬಹುದು. ಆದರೆ ಅವು ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ಕಾಣುತ್ತವೆ. ಕೋಟೆಗುಡ್ಡದ ಇಳಿಜಾರಿನಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಇಕ್ಕಟ್ಟಾದ ಓಣಿಗಳಿವೆ. ಅದರ ಬುಡದಲ್ಲೇ ನೂಲು ಹಿಡಿದು ಎಳೆದಂಥ ನೇರ ಬೀದಿಗಳಿವೆ. ಎದುರಿನ ಗುಡ್ಡದ ಮೇಲೆ ಸೂರೇ ಇಲ್ಲದ ಚರ್ಚ್ ನಿಂತಿದೆ. ಇವುಗಳನ್ನು ಜೋಡಿಸುವ ಕೊಂಡಿ 1755ರ ನವೆಂಬರ್ 1ರ ಭೂಕಂಪ. ಯಾವುದು ಅಂದು ಉಳಿಯಿತು, ಯಾವುದು ಉರುಳಿತು, ಯಾವುದು ಆಮೇಲೆ ಎದ್ದಿತು ಎಂದು ತಿಳಿದರೆ ಇಡೀ ನಗರ ಅರ್ಥವಾಗುತ್ತದೆ.

ಹಳೆಯ ಲಿಸ್ಬನ್ನಿನ ಗುರುತುಗಳು ಕೋಟೆಗುಡ್ಡದ ಸುತ್ತ ಇವೆ. ಎಂಟನೆಯ ಶತಮಾನದಿಂದ ಸುಮಾರು ನಾನ್ನೂರು ವರ್ಷ ಊರು ಮುಸ್ಲಿಂ ದೊರೆಗಳ ಆಳ್ವಿಕೆಯಲ್ಲಿತ್ತು. 1147ರಲ್ಲಿ ಪೋರ್ಚುಗಲ್ಲಿನ ಮೊದಲ ದೊರೆ ಅಫೊನ್ಸೊ ಹೆನ್ರಿಕ್ಸ್, ಪವಿತ್ರ ಭೂಮಿಯತ್ತ ಹೊರಟಿದ್ದ ಕ್ರುಸೇಡ್ ಯೋಧರ ನೆರವಿನಿಂದ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಇದನ್ನು ಗೆದ್ದ. ಊರಿನ ಕೆಥೆಡ್ರಲ್ ಕಟ್ಟುವ ಕೆಲಸ ಆಗಲೇ ಶುರುವಾಯಿತು. ಕೋಟೆಯ ಕೆಳಗಿನ ಅಲ್ಫಾಮ ಕೇರಿಯ ಅಂಕುಡೊಂಕು ಓಣಿಗಳು, ಮೆಟ್ಟಿಲು ದಾರಿಗಳು ಮುಸ್ಲಿಂ ಆಳ್ವಿಕೆಯ ಕಾಲದ ವಿನ್ಯಾಸವನ್ನು ಇಂದಿಗೂ ಉಳಿಸಿಕೊಂಡಿವೆ.

ಊರಿಗೆ ಸಿರಿ ಬಂದದ್ದು ಸಮುದ್ರದಿಂದ. 1497ರ ಜುಲೈಯಲ್ಲಿ ಲಿಸ್ಬನ್ನಿನ ಪಶ್ಚಿಮದ ಬೆಲೇಂ ದಡದಿಂದ ಹೊರಟ ವಾಸ್ಕೋ ಡ ಗಾಮ ಮರುವರ್ಷ ಕಲ್ಲಿಕೋಟೆ ಮುಟ್ಟಿದ. ಮರಳುವಾಗ ಅವನ ಹಡಗುಗಳು ತಂಗಿದ್ದು ಕಾರವಾರದ ಸಮೀಪದ ಅಂಜುದೀವ್ ದ್ವೀಪದಲ್ಲಿ. ಕೇರಳ ಮತ್ತು ಕನ್ನಡ ಕರಾವಳಿಯ ಕಾಳುಮೆಣಸು ಲಿಸ್ಬನ್ನಿನ ಉಗ್ರಾಣ ತುಂಬತೊಡಗಿತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದಕ್ಕೆ ಈ ವ್ಯಾಪಾರವೇ ಕಾರಣ. ದೊರೆ ಮೊದಲನೆಯ ಮ್ಯಾನುಯೆಲ್ ಗುಡ್ಡದ ಕೋಟೆ ಬಿಟ್ಟು ನದಿಯ ದಡದಲ್ಲೇ ಅರಮನೆ ಕಟ್ಟಿಸಿದ. ಬೆಲೇಂನ ಜೆರೋನಿಮೋಸ್ ಮಠದ ಖರ್ಚಿಗೆ ಆಫ್ರಿಕ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ಹೇರಿದ್ದ ಸುಮಾರು ಶೇಕಡ 5ರ ತೆರಿಗೆ ಒದಗಿತು. ಅದರ ಕಂಬ, ಕಮಾನುಗಳಲ್ಲಿ ಹಡಗಿನ ಹಗ್ಗ, ಹವಳ, ಸಮುದ್ರಜೀವಿಗಳ ಕೆತ್ತನೆ ತುಂಬಿದೆ. ನದಿಯಂಚಿನ ಬೆಲೇಂ ಗೋಪುರದ ಒಂದು ಕಾವಲುಗೂಡಿನ ಬುಡದಲ್ಲಿ ಮಳೆಗಾಳಿಗೆ ಸವೆದ ಘೇಂಡಾಮೃಗದ ತಲೆಯಿದೆ. ಗುಜರಾತಿನ ಸುಲ್ತಾನನಿಂದ ಗೋವೆಯ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನಿಗೆ, ಅವನಿಂದ ತನ್ನ ದೊರೆಗೆ ಕಾಣಿಕೆಯಾಗಿ ಹೋದ ಒಂದು ಘೇಂಡಾಮೃಗ 1515ರ ಮೇ ತಿಂಗಳಲ್ಲಿ ಲಿಸ್ಬನ್ನಿಗೆ ಬಂದಿಳಿದಿತ್ತು. ಜರ್ಮನ್ ಕಲಾವಿದ ಡ್ಯೂರರ್ ಪ್ರಾಣಿಯನ್ನು ಕಣ್ಣಾರೆ ಕಾಣದೆಯೇ ಅದರ ಪ್ರಸಿದ್ಧ ಮರಗೆತ್ತನೆಯ ಚಿತ್ರ ಮಾಡಿದ. ಮಠ ಮತ್ತು ಗೋಪುರ ಎರಡೂ 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

1755ರ ನವೆಂಬರ್ 1 ಸಕಲ ಸಂತರ ಹಬ್ಬದ ದಿನ. ಬೆಳಗಿನ ಒಂಬತ್ತೂವರೆ ಗಂಟೆಯ ಬಳಿಕ, ಚರ್ಚುಗಳು ಭಕ್ತರಿಂದ ಕಿಕ್ಕಿರಿದಿದ್ದಾಗ, ನೆಲ ನಡುಗಿತು. ಬಿದ್ದ ದೀಪಗಳಿಂದ, ಅಡುಗೆಯ ಒಲೆಗಳಿಂದ ಬೆಂಕಿ ಹತ್ತಿತು. ಬಯಲು ಜಾಗ ಹುಡುಕಿ ನದಿಯ ದಡಕ್ಕೆ ಓಡಿದವರನ್ನು ಸುನಾಮಿ ಅಲೆಗಳು ಬಲಿ ತೆಗೆದುಕೊಂಡವು. ಐದಾರು ದಿನ ಊರು ಉರಿಯಿತು. ಸತ್ತವರ ಸಂಖ್ಯೆಯನ್ನು 10,000ದಿಂದ 50,000ದವರೆಗೆ ಅಂದಾಜಿಸಲಾಗಿದೆ. ಅರಮನೆ, ಅದರ ಸುಮಾರು 70,000 ಪುಸ್ತಕಗಳ ಗ್ರಂಥಾಲಯ, ಅದೇ ವರ್ಷ ತೆರೆದಿದ್ದ ಒಪೆರಾ ಭವನ ನಾಶವಾದವು. ಬೆಲೇಂನಲ್ಲಿದ್ದ ದೊರೆ ಮೊದಲನೆಯ ಜೋಸೆ ಬದುಕಿಕೊಂಡ. ಆದರೆ ಕಲ್ಲಿನ ಸೂರಿನ ಭಯ ಅವನನ್ನು ಬಿಡಲಿಲ್ಲ. ಉಳಿದ ಆಯುಷ್ಯವನ್ನು ಅಜುದಾ ಗುಡ್ಡದ ಮರದ ಅರಮನೆಯಲ್ಲಿ ಕಳೆದ.

ಆಡಳಿತದ ಹೊಣೆ ಮಂತ್ರಿ ಸೆಬಾಸ್ಟಿಯನ್ ಜೋಸೆ ದ ಕರ್ವಾಲೊನ ಮೇಲೆ ಬಿತ್ತು. ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದವನು ಇವನೇ. ವಿರೋಧಿಗಳನ್ನು ನಿರ್ದಯವಾಗಿ ತುಳಿದ ಈತ ನಗರ ಕಟ್ಟುವ ವಿಷಯದಲ್ಲಿ ದೂರದೃಷ್ಟಿ ತೋರಿದ. ಎಪ್ಪತ್ತೆಂಟರ ಆಸುಪಾಸಿನ ಮುಖ್ಯ ಎಂಜಿನಿಯರ್ ಮ್ಯಾನುಯೆಲ್ ದ ಮಾಯ ಡಿಸೆಂಬರ್ 4ರ ಹೊತ್ತಿಗೇ ವರದಿ ಸಿದ್ಧಮಾಡಿದ. ಊರನ್ನು ಮೊದಲಿನಂತೆಯೇ ಕಟ್ಟುವುದು, ಬೀದಿಗಳನ್ನಷ್ಟೇ ಅಗಲಿಸುವುದು, ಮನೆಗಳ ಎತ್ತರವನ್ನೂ ತಗ್ಗಿಸುವುದು, ತಗ್ಗಿನ ಪ್ರದೇಶವನ್ನು ನೆಲಸಮ ಮಾಡಿ ಹೊಸದಾಗಿ ಕಟ್ಟುವುದು, ಬೆಲೇಂ ಕಡೆಗೆ ಬೇರೆಯೇ ಊರು ಕಟ್ಟುವುದು ಎಂಬ ಐದು ದಾರಿಗಳನ್ನು ಅದು ಮುಂದಿಟ್ಟಿತು. ನಾಲ್ಕನೆಯದು ಆಯ್ಕೆಯಾಯಿತು. ಯೋಜನೆ ರೂಪಿಸಿದವರಲ್ಲಿ ಎಉಜೆನಿಯೊ ದೊಸ್ ಸಾಂತೊಸ್ ಮತ್ತು ಕಾರ್ಲೊಸ್ ಮಾರ್ಡೆಲ್ ಮುಖ್ಯರು. ಇದರ ಜೊತೆಗೆ ನಾಡಿನ ಪ್ರತಿ ಪ್ಯಾರಿಷ್‌ಗೂ ಪ್ರಶ್ನಾವಳಿ ಹೋಯಿತು: ಕಂಪನ ಎಷ್ಟು ಹೊತ್ತು ಇತ್ತು, ಸಮುದ್ರ ಮೊದಲು ಏರಿತೇ ಇಳಿಯಿತೇ, ಸತ್ತವರೆಷ್ಟು? ಭೂಕಂಪದ ವೈಜ್ಞಾನಿಕ ಅಧ್ಯಯನದ ಆರಂಭದ ಹೆಜ್ಜೆಗಳಲ್ಲಿ ಇದನ್ನು ಎಣಿಸಲಾಗುತ್ತದೆ.

ಬೈಶಾ ಎಂಬ ಆ ತಗ್ಗಿನ ಪ್ರದೇಶದ ಕಟ್ಟಡಗಳ ಗುಟ್ಟು ಗೋಡೆಯೊಳಗಿದೆ. ಹಸಿ ಮಣ್ಣಿನಲ್ಲಿ ಮರದ ಗೂಟಗಳನ್ನು ಇಳಿಸಿ ಅಡಿಪಾಯ ಹಾಕಿದರು. ಅದರ ಮೇಲಿನ ಅಂತಸ್ತುಗಳಲ್ಲಿ ಅಡ್ಡ, ಉದ್ದ, ಓರೆಯಾಗಿ ಮರದ ತೊಲೆಗಳನ್ನು ಹೆಣೆದು, ಸಂದುಗಳಿಗೆ ಕಲ್ಲು ಗಾರೆ ತುಂಬಿ, ಮೇಲೆ ಗಿಲಾವು ಬಳಿದರು. ನೆಲ ಅಲುಗಿದರೆ ಈ ಪಂಜರ ಮುರಿಯದೆ ಬಾಗುತ್ತದೆ. ಇದರ ಮಾದರಿ ಕಟ್ಟಿ, ಸುತ್ತ ಸೈನಿಕರನ್ನು ಕವಾಯತು ನಡೆಸಿ ನೆಲ ಅದುರಿಸಿ ಪರೀಕ್ಷಿಸಿದರೆಂಬ ಪ್ರತೀತಿಯಿದೆ. ಬೆಂಕಿ ದಾಟದಂತೆ ಮನೆಗಳ ನಡುವಿನ ಗೋಡೆಗಳನ್ನು ಹೆಂಚಿಗಿಂತ ಮೇಲಕ್ಕೆ ಏರಿಸಿದರು. ಕಿಟಕಿ ಬಾಗಿಲುಗಳನ್ನು ಒಂದೇ ಅಳತೆಯಲ್ಲಿ ಮೊದಲೇ ತಯಾರಿಸಿ ತಂದು ಕೂರಿಸಿದರು. ಬೀದಿಗಳನ್ನು ಕಸುಬುಗಳ ಪ್ರಕಾರ ಹಂಚಿದರು. ಚಿನ್ನ, ಬೆಳ್ಳಿ, ಚಮ್ಮಾರರು, ಜವಳಿ ವ್ಯಾಪಾರಿಗಳು ಎಂಬ ಹೆಸರುಗಳು ಇಂದಿಗೂ ಫಲಕಗಳ ಮೇಲಿವೆ. ಅರಮನೆ ಇದ್ದ ಜಾಗ ವಾಣಿಜ್ಯ ಚೌಕವಾಯಿತು. 1775ರಲ್ಲಿ ಅಲ್ಲಿ ಜೋಸೆಯ ಕಂಚಿನ ಪ್ರತಿಮೆ ಬಂತು. ಆಗಸ್ಟಾ ಬೀದಿಯ ಬಾಯಲ್ಲಿರುವ ಕಮಾನು ಮುಗಿದದ್ದು 1873ರಲ್ಲಿ.

ಎದುರಿನ ಗುಡ್ಡದ ಮೇಲೆ ಉರುಳಿದ್ದ ಕಾರ್ಮೊ ಮಠದ ಚರ್ಚನ್ನು ಮತ್ತೆ ಕಟ್ಟಲು ಶುರುಮಾಡಿದ್ದರೂ 1834ರಲ್ಲಿ ಧಾರ್ಮಿಕ ಪಂಥಗಳು ರದ್ದಾದ ಮೇಲೆ ಕೆಲಸ ನಿಂತಿತು. ಸೂರಿಲ್ಲದ ಗೋಥಿಕ್ ಕಮಾನುಗಳು ಹಾಗೆಯೇ ಉಳಿದು, 1864ರಿಂದ ಪ್ರಾಕ್ತನಶಾಸ್ತ್ರ ಸಂಗ್ರಹಾಲಯಕ್ಕೆ ನೆಲೆಯಾದವು.

ಎರಡು ದಿನಗಳ ಭೇಟಿಗೆ ಈ ಇತಿಹಾಸವೇ ಅನುಕ್ರಮ ಕೊಡುತ್ತದೆ. ಕಾರ್ಮೊ ಸಂಗ್ರಹಾಲಯಕ್ಕೆ ಭಾನುವಾರ ರಜೆ. ಆದ್ದರಿಂದ ಶನಿವಾರ ಬೆಳಿಗ್ಗೆ ಕೋಟೆಯಿಂದ ಆರಂಭಿಸಿ ಅಲ್ಫಾಮ, ಕೆಥೆಡ್ರಲ್ ದಾಟಿ ಬೈಶಾಕ್ಕೆ ಇಳಿದು, ಸಂಜೆಯೊಳಗೆ ಕಾರ್ಮೊ ಹತ್ತಿದರೆ ಉಳಿದದ್ದು, ಎದ್ದದ್ದು, ಉರುಳಿದ್ದು ಮೂರೂ ಒಂದೇ ನಡಿಗೆಯಲ್ಲಿ ಸಿಗುತ್ತವೆ. ಭಾನುವಾರ ಬೆಲೇಂಗೆ ಮೀಸಲು; ಸೋಮವಾರ ಹೆಚ್ಚಿನ ರಾಷ್ಟ್ರೀಯ ಸಂಗ್ರಹಾಲಯಗಳು ಮುಚ್ಚಿರುತ್ತವೆ. ಕಳೆದುಹೋದ ನಗರದ ಅತ್ಯುತ್ತಮ ದಾಖಲೆ ರಾಷ್ಟ್ರೀಯ ಅಜುಲೆಜು (ಹೊಳಪು ಬಿಲ್ಲೆ) ಸಂಗ್ರಹಾಲಯದಲ್ಲಿದೆ. ಸುಮಾರು 1700ರಲ್ಲಿ ನೀಲಿ ಬಿಳಿ ಹೊಳಪು ಬಿಲ್ಲೆಗಳ ಮೇಲೆ ಬರೆದ, ಸುಮಾರು 23 ಮೀಟರ್ ಉದ್ದದ ಆ ಚಿತ್ರದಲ್ಲಿ ಭೂಕಂಪದ ಮುಂಚಿನ ನದೀತೀರ ಅರಮನೆ, ಚರ್ಚು, ಹಡಗುಗಳೊಡನೆ ಚಾಚಿಕೊಂಡಿದೆ. ಇದನ್ನು ನೋಡಿದ ಮೇಲೆ ಪೊಂಬಾಲಿನ ಕಾಲದವರು ಎಷ್ಟನ್ನು ಕಳೆದುಕೊಂಡು ಎಷ್ಟನ್ನು ಕಟ್ಟಿದರೆಂಬುದನ್ನು ಅಳೆಯಬಹುದು.